ಸಹಾಯ ಬೇಕು: ಇಂಕ್‌ಸ್ಕೇಪ್‌ನಲ್ಲಿ ಅಳಿಲಿನ ಬಾಲದ ತುಪ್ಪಳ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಥೆಯೊಂದಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಕಾರ್ಟೂನ್ ಅಳಿಲು ಬಿಡಿಸುತ್ತಿದ್ದೇನೆ. ಮುಖ, ಕಣ್ಣು, ಕೈಕಾಲು ಚೆನ್ನಾಗಿ ಬಂದಿವೆ. ಬಾಲದ ಹತ್ತಿರ ಬಂದು ಕೆಲಸ ನಿಂತಿದೆ.

ಮೊದಲು ಪೆನ್ ಟೂಲ್‌ನಿಂದ ಒಂದೊಂದೇ ಕೂದಲು ಎಳೆದೆ. 300 ದಾಟಿದರೂ ಬಾಲ ಮೆತ್ತಗೆ ಕಾಣಲಿಲ್ಲ, ಬರೀ ಮುಳ್ಳುಮುಳ್ಳು. ಆಮೇಲೆ ಅಂಚಿಗೆ ರಫನ್ ಎಫೆಕ್ಟ್ ಹಾಕಿದೆ. ಅದು ಸುಮ್ನೆ ಅಡ್ಡಾದಿಡ್ಡಿ ಹಲ್ಲು ಮಾಡುತ್ತದೆ. ತುಪ್ಪಳಕ್ಕೆ ಒಂದು ದಿಕ್ಕು ಇರಬೇಕು ಅಲ್ವಾ? ಬುಡದಿಂದ ತುದಿಗೆ ಹರಿಯಬೇಕು, ಬಾಲ ತಿರುಗಿದ ಕಡೆ ಅದೂ ತಿರುಗಬೇಕು.

ಕ್ರಿಟಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ಕೂದಲಿನ ಬ್ರಷ್‌ನಿಂದ ಬೇಗ ಆಗುತ್ತದೆ, ನಿಜ. ಆದರೆ ಅದು ಪಿಕ್ಸೆಲ್ ಚಿತ್ರ, ಜಾಸ್ತಿ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಇದೇ ಅಳಿಲು ಪೋಸ್ಟರ್‌ಗೂ ಬೇಕು, ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ವೆಕ್ಟರ್ ಚಿತ್ರವಾಗಿಯೇ ಇರಬೇಕು.

ಒಂದು ಕೂದಲ ಗೊಂಚಲು ಬಿಡಿಸಿ, ಇಂಕ್‌ಸ್ಕೇಪ್‌ನ ಪ್ಯಾಟರ್ನ್ ಅಲಾಂಗ್ ಪಾತ್ ಎಂಬ ಎಫೆಕ್ಟ್ ಬಳಸಿ ಅಂಚಿನುದ್ದಕ್ಕೂ ಕೂರಿಸಿದೆ. ಎಲ್ಲ ಗೊಂಚಲೂ ಒಂದೇ ಥರ, ಗರಗಸದ ಹಾಗೆ ಆಯಿತು. ಗಾತ್ರ ಏರುಪೇರು ಮಾಡುವ ದಾರಿ ಇದೆಯಾ? ಅಥವಾ ಅಂಚಲ್ಲಿ ನಾಲ್ಕೈದು ದಪ್ಪ ಗೊಂಚಲು, ಒಳಗೆ ಎರಡು ಮೂರು ಬಾಗಿದ ಗೆರೆ ಇಷ್ಟೇ ಸಾಕಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ಸ್ಕ್ರೀನ್‌ಶಾಟ್ ಹಾಕಿದರೆ ಇನ್ನೂ ಒಳ್ಳೆಯದು.