ಮೇಲಿನ ಮನೆಯವರ ಬಗ್ಗೆ ಓನರ್‌ಗೆ ಏನಂತ ಬರೆಯಲಿ?

ಕೇಳಿದವರು, ತುಮಕೂರಿನ ಎಸ್‌.ಎಸ್‌. ಪುರಂನಿಂದ:
ಮಹಡಿ ಮನೆಗೆ ಹೊಸಬರು ಬಾಡಿಗೆಗೆ ಬಂದಿದ್ದಾರೆ. ಮೆಟ್ಟಿಲಲ್ಲಿ ಎದುರಾದರೂ ಮಾತಿಲ್ಲ, ನಗುವಿಲ್ಲ. ಗೇಟಿಗೆ ಅಡ್ಡ ಬೈಕ್ ನಿಲ್ಲಿಸುತ್ತಾರೆ. ರಾತ್ರಿ ಹನ್ನೊಂದಾದರೂ ಹಾಡು ಜೋರು. ಓನರ್‌ಗೆ ವಾಟ್ಸಾಪ್‌ನಲ್ಲಿ ‘ಸಮಾಜ ವಿರೋಧಿಗಳು’ ಅಂತ ಬರೆದೆ. ನಮ್ಮ ಮನೆಯವರು ಅಳಿಸಿ ಅಂದರು. ಸರಿಯಾದ ಪದ ಹೇಳಿ.

ಶಿರಾದಿಂದ:
ಮನೆಯವರ ಮಾತು ಕೇಳಿ ಸರ್. ಅದು ರೌಡಿಗಳಿಗೆ ಪೊಲೀಸರು ಬಳಸುವ ಪದ. ‘ಉಡಾಫೆ’ ಅನ್ನಿ, ಸಾಕು.

ಕೋಲಾರದಿಂದ:
ಉಡಾಫೆ ಬೈಕಿಗೆ ಸರಿ. ಆದರೆ ಮಾತಾಡದೆ ಇರೋದನ್ನೂ ಅದರ ಜೊತೆ ಯಾಕೆ ಸೇರಿಸಬೇಕು? ಅದು ದೂರೇ ಅಲ್ಲ. ನಮ್ಮ ಬೀದಿಯಲ್ಲಿ ಒಬ್ಬರಿದ್ದರು. ಎಲ್ಲರೂ ‘ಬಿಗುಮಾನ ಜಾಸ್ತಿ’ ಅನ್ನುತ್ತಿದ್ದರು. ಆ ಮನುಷ್ಯ ನರಸಾಪುರದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮನೆಗೆ ಬರೋರು. ನಾವು ಮಾತಿಗೆ ನಿಲ್ಲೋ ಹೊತ್ತಲ್ಲಿ ಅವರಿಗೆ ನಿದ್ದೆ. ನಾಚಿಕೆ ಇರೋರು ಮುಖೇಡಿಗಳು. ಯಾರ ಸಹವಾಸವೂ ಬೇಡ ಅನ್ನೋರು ತಾನಾಯಿತು ತನ್ನ ಪಾಡಾಯಿತು ಅಂತ ಇರುತ್ತಾರೆ. ಕಂಡೂ ಕಾಣದ ಹಾಗೆ ಮುಖ ತಿರುಗಿಸಿದರೆ ಆಗ ಬೇಕಾದರೆ ಬಿಗುಮಾನ ಅನ್ನಿ. ಮೂರನ್ನೂ ಓನರ್‌ಗೆ ಹೇಳಿ ಏನು ಪ್ರಯೋಜನ?

ಬೈಕ್ ವಿಷಯ ಬೇರೆ. ಗೊತ್ತಿಲ್ಲದೆ ನಿಲ್ಲಿಸಿದರೆ ಪರಿಜ್ಞಾನ ಇಲ್ಲ ಅಂತ. ಹೇಳಿದ ಮೇಲೂ ನಿಲ್ಲಿಸಿದರೆ ಮೊಂಡುತನ. ‘ಏನ್ ಮಾಡ್ಕೋತೀರಾ’ ಅಂದರೆ ದರ್ಪ. ಧಿಮಾಕು, ಗಾಂಚಾಲಿ, ಕೊಬ್ಬು ಎಲ್ಲ ಬಾಯಲ್ಲಿ ಚೆನ್ನಾಗಿರುತ್ತವೆ, ಬರವಣಿಗೆಯಲ್ಲಿ ಬೇಡ. ಸ್ಕ್ರೀನ್‌ಶಾಟ್ ಮಹಡಿ ಹತ್ತಿದರೆ ಕಷ್ಟ.

ಚಿಂತಾಮಣಿಯಿಂದ:
ಹಾಡಿಗೆ ಪದ ಯಾಕೆ, ಟೈಮ್ ಬರೆಯಿರಿ. 2000ರ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಮನೆಗಳಿರುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ‘ಪರಿಜ್ಞಾನ ಇಲ್ಲದವರು’ ಅಂದರೆ ಜಗಳ ಆಗುತ್ತದೆ. ‘ಹನ್ನೊಂದರ ತನಕ ಹಾಡು ಕೇಳಿಸುತ್ತದೆ, ಮಕ್ಕಳು ಮಲಗೋದಿಲ್ಲ’ ಅಂದರೆ ಓನರ್ ಏನಾದರೂ ಮಾಡಲೇಬೇಕು. ಅವರ ಮಾತೂ ನಡೆಯದಿದ್ದರೆ ಆಗ 112.

ತುಮಕೂರಿನಿಂದಲೇ ಇನ್ನೊಬ್ಬರು:
ಅದೆಲ್ಲ ಸರಿ. ಮೊದಲು ಮೇಲೆ ಹೋಗಿ ಒಂದು ಮಾತು ಕೇಳಿದ್ದೀರಾ? ‘ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕ್ತೀರಾ’ ಅಂದರೆ ಹತ್ತರಲ್ಲಿ ಎಂಟು ಜನ ಹಾಕುತ್ತಾರೆ. ನೇರ ಓನರ್ ಹತ್ತಿರ ಹೋದರೆ ನಿಮಗೇ ‘ಚಾಡಿಕೋರ’ ಅನ್ನೋ ಹೆಸರು ಬರುತ್ತದೆ, ನೋಡಿಕೊಳ್ಳಿ.

ಕೇಳಿದವರು:
ಹೋಗಿದ್ದೆ ಅಣ್ಣ. ಬೈಕ್ ಆಗಲೇ ಪಕ್ಕಕ್ಕೆ ಹಾಕಿದರು. ಹಾಡಿಗೆ ಮಾತ್ರ ‘ನೋಡೋಣ’ ಅಂದರು. ಅದಕ್ಕೆ ಹಾಡಿನ ಟೈಮ್ ಒಂದನ್ನೇ ಬರೆದು ಓನರ್‌ಗೆ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಇವರಿಗೆ ಯಾವ ಪದ?