ಗೇಮ್ ಆಡುತ್ತಾ ಜರ್ಮನ್ ಕಲಿಯೋಕೆ ಯಾವ ಆಟ, ಯಾವ ಸೆಟ್ಟಿಂಗ್?

ಓದುಗ_ಎ2:
ಜರ್ಮನ್ ಎ2 ಮಟ್ಟ (ಆರಂಭಿಕ ಹಂತದ ಎರಡನೇ ಮೆಟ್ಟಿಲು). ಪಿಸಿಯಲ್ಲಿ ಸ್ಟೀಮ್ (ಗೇಮ್ ಕೊಂಡು ಆಡುವ ಆ್ಯಪ್) ಇದೆ. ದಿ ವಿಚರ್ 3 ಆಟವನ್ನು ಜರ್ಮನ್‌ನಲ್ಲಿ ಹಾಕಿದರೆ ಮಾತು ಹಿಡಿಯೋಕಾಗಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತೆ, ಕಿವಿ ಕೆಲಸವೇ ಮಾಡಲ್ಲ. ಏನು ಮಾಡಬೇಕು?

ಹಳೇಆಟಗಾರ:
ವಿಚರ್ ಸದ್ಯಕ್ಕೆ ಬದಿಗಿಡಿ. ಎ2ಗೆ ಬೇಕಾದದ್ದು ನೀವು ಬಟನ್ ಒತ್ತುವವರೆಗೂ ಮಾತು ಪರದೆ ಮೇಲೆ ನಿಲ್ಲುವ ಆಟ. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಆಟ ನೋಡಿ: ಧ್ವನಿ ಇಲ್ಲ, ವಾಕ್ಯ ಚಿಕ್ಕದು, ಬೀಜ, ಹವಾಮಾನ, ವಾರದ ದಿನಗಳು ಮತ್ತೆಮತ್ತೆ ಬರುತ್ತವೆ. ಭಾಷೆ ಬದಲಿಸುವ ಬಟನ್ ಟೈಟಲ್ ಸ್ಕ್ರೀನ್‌ನಲ್ಲೇ ಇದೆ. ಆಟದೊಳಗೆ ಆಯ್ಕೆ ಸಿಗದಿದ್ದರೆ ಸ್ಟೀಮ್ ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಲ್ಯಾಂಗ್ವೇಜ್. ಕೊಳ್ಳುವ ಮೊದಲು ಸ್ಟೋರ್ ಪುಟದ ಭಾಷೆಗಳ ಪಟ್ಟಿ ನೋಡಿ: ಇಂಟರ್ಫೇಸ್, ಫುಲ್ ಆಡಿಯೋ, ಸಬ್‌ಟೈಟಲ್ ಅಂತ ಮೂರು ಕಾಲಂ ಇರುತ್ತೆ. ಇಂಟರ್ಫೇಸ್‌ಗೆ ಮಾತ್ರ ಟಿಕ್ ಇದ್ದರೆ ಕೇಳೋಕೆ ಜರ್ಮನ್ ಸಿಗಲ್ಲ.

ಕಟ್ಟೋಣ:
ಮೈನ್‌ಕ್ರಾಫ್ಟ್ ಜಾವಾ ಎಡಿಷನ್ ಕೂಡ ಸೇರಿಸಿಕೊಳ್ಳಿ. ವಸ್ತುವಿನ ಮೇಲೆ ಮೌಸ್ ಇಟ್ಟರೆ ಹೆಸರು ಬರುತ್ತೆ, ಅದನ್ನೇ ಕೈಯಲ್ಲಿ ಹಿಡಿದು ಬಳಸ್ತೀರಿ. ಬಹಳ ಜನ ಬಿಟ್ಟುಬಿಡೋದು ಶಬ್ದಗಳ ಸಬ್‌ಟೈಟಲ್. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದರೆ ಹಸು ಕೂಗಿದಾಗ ಮೂಲೆಯಲ್ಲಿ "ಕೂ ಮೂಟ್" ಅಂತ ಬರುತ್ತೆ. ಕರ್ತೃ, ಕ್ರಿಯಾಪದ, ಅಷ್ಟೇ. ಎ2ಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಇಲ್ಲ.

ಒಂದು ತೊಂದರೆ ಇದೆ: ವಸ್ತುಗಳ ಹೆಸರಿನ ಜೊತೆ ಲಿಂಗ ತೋರಿಸುವ ಡೆರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಇರಲ್ಲ. ಲಿಂಗ ತಿಳಿಯದೆ ನೂರು ನಾಮಪದ ಬಾಯಿಪಾಠ ಮಾಡಿದರೆ ಮುಂದೆ ವಿಭಕ್ತಿಯಲ್ಲಿ ಎಡವುತ್ತೀರಿ. ನಿಘಂಟು ನೋಡಿ "ಡೀ ವೆರ್ಕ್‌ಬಾಂಕ್" (ಕೆಲಸದ ಮೇಜು), "ಡೆರ್ ಓಫೆನ್" (ಒಲೆ) ಅಂತ ಸೇರಿಸಿಯೇ ಬರೆದಿಡಿ. ಸಮಾಸಪದಕ್ಕೆ ಕೊನೆಯ ಭಾಗದ ಲಿಂಗವೇ ಬರೋದು. ಐಮರ್ (ಬಕೆಟ್) ಪುಲ್ಲಿಂಗ, ಹಾಗಾಗಿ ಹಾಲಿನ ಬಕೆಟ್ ಡೆರ್ ಮಿಲ್ಖ್‌ಐಮರ್.

ಓದುಗ_ಎ2:
ಸಿಕ್ಕ ಪದಗಳನ್ನೆಲ್ಲ ಆಂಕಿಗೆ (ಕಾರ್ಡ್ ತೋರಿಸಿ ಪದ ನೆನಪಿಡಿಸುವ ಆ್ಯಪ್) ಹಾಕಬೇಕಾ?

ಹಳೇಆಟಗಾರ:
ಬೇಡ. ಆಂಕಿಯ ಡೀಫಾಲ್ಟ್ ದಿನಕ್ಕೆ 20 ಹೊಸ ಕಾರ್ಡ್. ಪ್ರತಿ ಕಾರ್ಡೂ ಮುಂದಿನ ದಿನಗಳಲ್ಲಿ ತಿರುಗಿ ಬರುವುದರಿಂದ ಬೇಗ ರಾಶಿಯಾಗುತ್ತೆ, ಆಮೇಲೆ ಆಂಕಿ, ಆಟ ಎರಡನ್ನೂ ಬಿಡ್ತೀರಿ. 5 ಅಥವಾ 6ಕ್ಕೆ ಇಳಿಸಿ. ಆಡುವಾಗ ನಿಘಂಟು ತೆರೆಯಬೇಡಿ. ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಸ್ಕ್ರೀನ್‌ಶಾಟ್. ಆಟ ಮುಗಿದ ಮೇಲೆ ಕೂತು ಆರಿಸಿ. ಬೇರೆಬೇರೆ ಕಡೆ ಮೂರು ಸಲ ಎದುರಾದ ಪದಕ್ಕೆ ಮಾತ್ರ ಕಾರ್ಡ್, ಅದೂ ಇಡೀ ವಾಕ್ಯ ಮತ್ತು ಚಿತ್ರದ ಸಮೇತ. ಕತ್ತಿ, ಕವಚದಂಥ ಹೆಸರುಗಳು ಗುರುತು ಸಿಕ್ಕರೆ ಸಾಕು. ಕ್ವೆಸ್ಟ್ (ಆಟ ಕೊಡುವ ಕೆಲಸ) ಪಟ್ಟಿಯ "ನಿಮ್" (ತಗೋ), "ಬ್ರಿಂಗ್" (ತಗೊಂಡು ಬಾ) ಥರದ ಆಜ್ಞಾರೂಪಗಳನ್ನು ಬಿಡಬೇಡಿ, ಅವು ದಿನಬಳಕೆಯವು.

ಕಿವಿಗೊಟ್ಟು:
ಎ2ರ ಮುಂದಿನ ಮಟ್ಟ ಬಿ1 ದಾಟಿದ ಮೇಲೆ ವಿಚರ್‌ಗೆ ವಾಪಸ್ ಬನ್ನಿ. ಅದರಲ್ಲಿ ಧ್ವನಿಗೂ ಬರಹಕ್ಕೂ ಪ್ರತ್ಯೇಕ ಆಯ್ಕೆ ಇದೆ, ಎರಡನ್ನೂ ಜರ್ಮನ್‌ಗೇ ಇಡಿ. ಕಷ್ಟದ ಮಟ್ಟ ಕಡಿಮೆ ಮಾಡಿ, ಹೊಡೆದಾಟದಲ್ಲಿ ಸಮಯ ಹೋಗಬಾರದು. ಯಾರನ್ನಾದರೂ ಮಾತಾಡಿಸುವ ಮುಂಚೆ ಸೇವ್ ಮಾಡಿ. ಮೊದಲ ಸಲ ಸಬ್‌ಟೈಟಲ್ ಆಫ್, ಲೋಡ್ ಮಾಡಿ ಎರಡನೇ ಸಲ ಆನ್. ಎಲ್ಲಿ ತಪ್ಪಿಹೋಯ್ತು ಅಂತ ಆಗ ಗೊತ್ತಾಗುತ್ತೆ: ಗೊತ್ತಿಲ್ಲದ ಪದವಾ, ಗೊತ್ತಿದ್ದೂ ವೇಗದಲ್ಲಿ ಕೇಳಿಸದ್ದಾ. ಮೊದಲನೆಯದಕ್ಕೆ ಕಾರ್ಡ್ ಮಾಡಿ. ಎರಡನೆಯದಕ್ಕೆ ಕಾರ್ಡ್ ವ್ಯರ್ಥ, ಅದೇ ಸಾಲನ್ನು ಮತ್ತೆ ಲೋಡ್ ಮಾಡಿ ಕೇಳಿ, ಜೊತೆಗೇ ಗಟ್ಟಿಯಾಗಿ ಹೇಳಿ.