ಹನ್ನೊಂದು ಸಾವಿರ ಶಾಸನ ಫೋಟೊಗಳನ್ನು ಮುಂದಿನವರ ಕೈಗೆ ಸಿಗುವಂತೆ ಇಡುವುದು ಹೇಗೆ?

ಕೊಪ್ಪಳದ ಓದುಗ ಕೇಳಿದ್ದು:

ಮಾನ್ಯರೇ, ನಾನು ಕೊಪ್ಪಳದಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದು ನಿವೃತ್ತನಾದವನು. 2006ರಿಂದ ಈಚೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ಸುಮಾರು 11,000 ಫೋಟೊಗಳನ್ನು ತೆಗೆದಿದ್ದೇನೆ. ಅವೆಲ್ಲ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಯೂ ಮೂವತ್ತಕ್ಕೂ ಹೆಚ್ಚು ಡಿವಿಡಿಗಳಲ್ಲಿಯೂ ಇದ್ದವು. ಕಳೆದ ಬೇಸಿಗೆಯಲ್ಲಿ ಒಂದು ಡಿಸ್ಕ್ ಕಟಕಟ ಸದ್ದು ಮಾಡಿ ನಿಂತೇ ಹೋಯಿತು; ಡಿವಿಡಿಗಳಲ್ಲಿ ನಾಲ್ಕನ್ನು ಯಾವ ಯಂತ್ರವೂ ಓದುತ್ತಿಲ್ಲ. ಶಾಸನಪಾಠಗಳನ್ನು ಆ ಕಾಲಕ್ಕೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆ. ಈಗ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಹಿಂದೊಮ್ಮೆ ಒಂದು ಸಂಸ್ಥೆಗೆ ಪೂರ್ತಿ ಪ್ರತಿಯನ್ನು ಕೊಟ್ಟಿದ್ದೆ. ಅವರ ಜಾಲತಾಣ ಎರಡೇ ವರ್ಷಕ್ಕೆ ಮುಚ್ಚಿತು, ಡಿಸ್ಕ್ ಯಾರ ಬೀರುವಿನಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಸಂಶೋಧಕರಿಗೂ ಊರವರಿಗೂ ಇವು ದೊರೆಯುವಂತಾಗಲು ನಾನು ಯಾವುದರಿಂದ ಆರಂಭಿಸಬೇಕು?

ಬಳ್ಳಾರಿ ಗ್ರಂಥಪಾಲಕಿ ಬರೆದದ್ದು:

ಸರ್, ಜಾಲತಾಣದ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಉಳಿದಿರುವ ಡಿಸ್ಕ್‌ನಿಂದ ಇವತ್ತೇ ಎರಡು ಪ್ರತಿಗಳನ್ನು ಮಾಡಿಸಿ, ಒಂದನ್ನು ಬೇರೆ ಊರಿನಲ್ಲಿರುವ ಮಗನ ಅಥವಾ ನೆಂಟರ ಮನೆಯಲ್ಲಿಡಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬುದು ನಮ್ಮ ವೃತ್ತಿಯವರು ಪಾಲಿಸುವ ನಿಯಮ. ಬರೆಯಬಲ್ಲ ಡಿವಿಡಿಯಲ್ಲಿ ಮಾಹಿತಿ ಉಳಿಯುವುದು ಒಂದು ಬಣ್ಣದ ಪದರದ ಮೇಲೆ, ನಮ್ಮ ಸೀಮೆಯ ಏಪ್ರಿಲ್ ಬಿಸಿಲಿಗೆ ಅದು ಬೇಗ ಮಾಸುತ್ತದೆ. ಆದ್ದರಿಂದ ಡಿವಿಡಿಯನ್ನು ಇನ್ನು ನಂಬಬೇಡಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಎಂಬ ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆಸಿಡಿ. ಫೈಲಿನಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಆ ಸಂಖ್ಯೆ ಪೂರ್ತಿ ಬದಲಾಗುವುದರಿಂದ, ವರ್ಷಕ್ಕೊಮ್ಮೆ ತಾಳೆ ನೋಡಿದರೆ ಯಾವ ಪ್ರತಿ ಹಾಳಾಗಿದೆ ಎಂದು ತಿಳಿಯುತ್ತದೆ. ಮೂಲ ಜೆಪೆಗ್‌ಗಳನ್ನು ತಿದ್ದಿ ಅದೇ ಹೆಸರಿನಲ್ಲಿ ಉಳಿಸಬೇಡಿ. ಅವನ್ನು ಟಿಫ್ ಎಂಬ ಇನ್ನೊಂದು ಬಗೆಯ ಚಿತ್ರಫೈಲಿಗೆ ಬದಲಿಸಿದರೆ ಗುಣಮಟ್ಟ ಹೆಚ್ಚುತ್ತದೆಂದು ಹೇಳುವವರ ಮಾತಿಗೂ ಕಿವಿಗೊಡಬೇಡಿ, ಫೈಲು ದೊಡ್ಡದಾಗುತ್ತದೆ ಅಷ್ಟೆ.

ಇದಕ್ಕಿಂತ ದೊಡ್ಡ ಕೆಲಸ ವಿವರಣೆಯದು. ಐಎಂಜಿ_2041 ಎಂಬ ಹೆಸರಿನ ಫೋಟೊ ಯಾವ ಊರಿನದು, ಕಲ್ಲು ಗುಡಿಯ ಗೋಡೆಯಲ್ಲಿತ್ತೋ ಹೊಲದ ಬದುವಿನಲ್ಲಿತ್ತೋ ಎಂಬುದು ಈಗ ತಮ್ಮ ತಲೆಯಲ್ಲಿ ಮಾತ್ರ ಇದೆ. ಊರು, ತಾಲ್ಲೂಕು, ಜಿಲ್ಲೆ ಎಂದು ಮೂರು ಕಾಲಂ ಮಾಡಿದರೆ ಸಾಲದು. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, 1956ಕ್ಕೆ ಮೊದಲು ಈ ಸೀಮೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹಂಪಿ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ವರದಿ ಹಿಡಿದು ಬರುವ ಸಂಶೋಧಕರು ಹಳೆಯ ಜಿಲ್ಲೆಯ ಹೆಸರಿನಲ್ಲೇ ಹುಡುಕುತ್ತಾರೆ, ಆದುದರಿಂದ ಹಿಂದಿನ ಆಡಳಿತಕ್ಕೆಂದೇ ಇನ್ನೊಂದು ಕಾಲಂ ಇರಲಿ. ಶಕವರ್ಷವನ್ನು ಎಕ್ಸೆಲ್‌ನಲ್ಲಿ ದಿನಾಂಕವೆಂದು ತುಂಬಲೇಬೇಡಿ, 1900ಕ್ಕೆ ಹಿಂದಿನ ದಿನಾಂಕ ಅದಕ್ಕೆ ಅರ್ಥವಾಗುವುದಿಲ್ಲ. ಶಾಸನದಲ್ಲಿ ಇದ್ದಂತೆಯೇ ಪಠ್ಯವಾಗಿ ಬರೆದು, 78 ಕೂಡಿಸಿ ಬಂದ ಕ್ರಿಸ್ತಶಕವನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಿ.

ರಾಯಚೂರಿನ ತಂತ್ರಾಂಶಿ ಬರೆದದ್ದು:

ಗುರುಗಳೇ, ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಕಂಪ್ಯೂಟರು ಉಳಿಸಿಕೊಳ್ಳುವುದು ಇಂಗ್ಲಿಷ್ ಸಂಕೇತಗಳನ್ನೇ. ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಆದರೆ ಫಲಿತಾಂಶವನ್ನು ಕಣ್ಣಿಟ್ಟು ಓದಲೇಬೇಕು. ‘ಧರ್ಮ’ದ ಅರ್ಕಾವೊತ್ತು ಹಳೆಯ ಶೈಲಿಯಲ್ಲಿ ಮಕಾರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಪರಿವರ್ತನೆ ಎಡವುವುದು ಇಂತಹ ಕಡೆಗಳಲ್ಲೇ. ಹಳಗನ್ನಡದ ಪಾಠವಾದ್ದರಿಂದ ಇನ್ನೂ ಒಂದು ಅನುಮಾನವಿದೆ. ಟೈಪ್ ಮಾಡಿದವರು ಱ ಇರಬೇಕಾದಲ್ಲಿ ರ, ೞ ಇರಬೇಕಾದಲ್ಲಿ ಳ ಒತ್ತಿರಬಹುದು. ಯುನಿಕೋಡ್‌ನಲ್ಲಿ ಈ ಎರಡಕ್ಕೂ ಸ್ಥಾನವಿದೆ, ಫೋಟೊ ನೋಡಿ ತಿದ್ದುವ ಅವಕಾಶ ತಮಗಿದೆ. ನುಡಿಯ ಮೂಲ ಫೈಲನ್ನು ಅಳಿಸಬೇಡಿ.

ಇಡುವ ಜಾಗದ ಮಾತಿಗೆ ಬಂದರೆ, ಯುರೋಪಿನ ಸೆರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಜೆನೊಡೊ ಎಂಬ ಸಂಶೋಧನಾ ಕಡತಗಳ ಜಾಲಭಂಡಾರ ಪ್ರತಿ ಸಂಗ್ರಹಕ್ಕೂ ಡಿಒಐ ಎಂಬ ಶಾಶ್ವತ ಗುರುತನ್ನು ಉಚಿತವಾಗಿ ಕೊಡುತ್ತದೆ. ಪ್ರಬಂಧ ಬರೆಯುವವರು ಅದನ್ನೇ ಉಲ್ಲೇಖಿಸಬಹುದು. ಊರವರು ನೋಡುವುದಕ್ಕೆ ಎಲ್ಲರೂ ಬಳಸಬಹುದಾದ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್ ಒಳ್ಳೆಯದು. ಇತರರು ಬಳಸಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸುವಾಗ ಯೋಚಿಸಿ ಆರಿಸಿ, ಒಮ್ಮೆ ಕೊಟ್ಟಮೇಲೆ ಹಿಂಪಡೆಯಲಾಗದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದ ಫೋಟೊವನ್ನು ಮಾತ್ರ ಪ್ರತಿ ಎಂದು ಎಣಿಸಬೇಡಿ. ಅಲ್ಲಿ ಅದು ಕುಗ್ಗಿ, ತೆಗೆದ ದಿನಾಂಕವನ್ನೂ ಕಳೆದುಕೊಂಡಿರುತ್ತದೆ.

ಮಸ್ಕಿ ನಿವಾಸಿ ಬರೆದದ್ದು:

ಮೇಲಿನ ಸಲಹೆಗಳಿಗೆ ನನ್ನದೊಂದು ತಕರಾರಿದೆ. ‘ಅಶೋಕ’ನೆಂಬ ಹೆಸರನ್ನೇ ಹೊತ್ತು 1915ರಲ್ಲಿ ಬೆಳಕಿಗೆ ಬಂದ ನಮ್ಮೂರಿನ ಶಾಸನವಾಗಲಿ, ತಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳಾಗಲಿ ಜಗತ್ತಿಗೆಲ್ಲ ಗೊತ್ತು, ಅವುಗಳ ನೆಲೆಯನ್ನು ಧಾರಾಳವಾಗಿ ಪ್ರಕಟಿಸಿ. ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಬಹಿರಂಗಗೊಳಿಸಿದರೆ ನಿಧಿಗಳ್ಳರಿಗೆ ನಾವೇ ದಾರಿ ತೋರಿಸಿದಂತೆ. ನಮ್ಮ ಕಡೆ ವೀರಗಲ್ಲಿನ ಬುಡವನ್ನು ರಾತ್ರೋರಾತ್ರಿ ಅಗೆದದ್ದನ್ನು ನಾನೇ ಕಂಡಿದ್ದೇನೆ, ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಸಾರ್ವಜನಿಕ ಪ್ರತಿಯಲ್ಲಿ ದಶಮಾಂಶದ ನಂತರ ಎರಡೇ ಅಂಕಿ ಕೊಟ್ಟರೆ ಸ್ಥಳ ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಪೂರ್ಣ ನೆಲೆಯನ್ನು ಕೇಳಿಕೊಂಡು ಬಂದ ಸಂಶೋಧಕರಿಗೆ ಕೊಡಿ. ಮೊಬೈಲಿನಲ್ಲಿ ತೆಗೆದ ಫೋಟೊಗಳ ಒಳಗೇ ನೆಲೆಯ ಮಾಹಿತಿ ಅಡಗಿರಬಹುದಾದ್ದರಿಂದ ಏರಿಸುವ ಮೊದಲು ಅದನ್ನು ತೆಗೆಸಿಹಾಕುವುದು ಕಡ್ಡಾಯ.

ಕೊಪ್ಪಳದ ಓದುಗ ಮತ್ತೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಪ್ರತಿಗಳ ಕೆಲಸ ಮುಗಿಯಿತು, ಒಂದು ಹೊಸಪೇಟೆಯ ತಂಗಿಯ ಮನೆ ಸೇರಿದೆ. ಹಾಳೆ ತುಂಬಲು ಕುಳಿತು ಮೊದಲ ಹತ್ತು ಫೋಟೊಗಳನ್ನು ತೆರೆದರೆ ಎರಡರ ಊರೇ ನೆನಪಿಗೆ ಬರಲಿಲ್ಲ. ಆಗ ನನ್ನನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ ಹಿರಿಯರನ್ನು ಮನೆಗೆ ಕರೆಸಿ ತೋರಿಸಿದೆ. ಅವರು ಶಾಸನದ ಕಡೆ ನೋಡಲೂ ಇಲ್ಲ. ಹಿಂದಿದ್ದ ಬೇವಿನ ಮರದ ಕಟ್ಟೆಯನ್ನು ನೋಡಿ, ಅಂದು ಅಲ್ಲಿ ಟೈರು ಪಂಕ್ಚರ್ ಆದದ್ದನ್ನು ನೆನೆದು ಊರಿನ ಹೆಸರು ಹೇಳಿದರು. ಇನ್ನು ವಾರಕ್ಕೆರಡು ದಿನ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕೆಂದಿದ್ದೇನೆ. ಹಾಳೆಯಲ್ಲಿ ಅವರ ಹೆಸರನ್ನು ಯಾವ ಕಾಲಂನಲ್ಲಿ ಹಾಕಲಿ?

ಬಳ್ಳಾರಿ ಗ್ರಂಥಪಾಲಕಿ ಬರೆದದ್ದು:

ವಿವರಣೆ ಬರೆಯಲು ನಾವು ಬಳಸುವ ಡಬ್ಲಿನ್ ಕೋರ್ ಎಂಬ ಮಾದರಿಯ 15 ಅಂಶಗಳಲ್ಲಿ ‘ಕೊಡುಗೆದಾರ’ ಎಂಬುದೊಂದಿದೆ ಸರ್, ಅವರ ಒಪ್ಪಿಗೆ ಪಡೆದು ಅಲ್ಲಿ ಬರೆಯಿರಿ. ಊರನ್ನು ಯಾವುದರಿಂದ ಗುರುತಿಸಿದರು ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಬೇವಿನ ಕಟ್ಟೆ ಇವತ್ತು ಅಲ್ಲಿದೆಯೋ ಇಲ್ಲವೋ.